ಬೀಡು ಬಿಡುವ ಜಾಗ

ನಮ್ಮ ಹಾಸನ ಜಿಲ್ಲೆಯಲ್ಲಿ ಊರಿನ ಹೆಸರಿನೊಳಗೇ ಒಂದು ಬಿಡಾರವಿದೆ. ಹಳೇಬೀಡು ಅಂದರೆ ಹಳೆಯ ಬೀಡು. ಹದಿನಾಲ್ಕನೆಯ ಶತಮಾನದ ದಾಳಿಗಳಲ್ಲಿ ದೋರಸಮುದ್ರ ಹಾಳಾದ ಮೇಲೆ ಜನರ ಬಾಯಲ್ಲಿ ಉಳಿದ ಹೆಸರು ಅದು. ಅರಸ ಇಂಥ ಕಡೆಯ 'ನೆಲೆವೀಡಿ'ನಲ್ಲಿದ್ದ ಎಂದು ಹೊಯ್ಸಳರ ಶಾಸನಗಳು ಹೇಳುತ್ತವೆ. ಬೀಡು, ಬಿಡಾರ, ಡೇರೆ, ಮೊಕ್ಕಾಂ, ಕ್ಯಾಂಪು ಎಂದು ದಾರಿಯಲ್ಲಿ ತಂಗುವುದಕ್ಕೆ ಕನ್ನಡದಲ್ಲಿ ಇಷ್ಟೊಂದು ಮಾತುಗಳಿರುವಾಗ, ಚಕ್ರದ ಮೇಲೆ ಮನೆ ಕಟ್ಟಿಕೊಂಡು ಕಾಡು, ಕರಾವಳಿ ಸುತ್ತುವ 'ಕ್ಯಾರವಾನ್ ಪ್ರವಾಸ'ವನ್ನು ಹೊಸ ಸುದ್ದಿಯಂತೆ ಮಾರುವ ಜಾಹೀರಾತು ನೋಡಿದರೆ ನನಗೆ ಸ್ವಲ್ಪ ನಗು ಬರುತ್ತದೆ. 2021ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ಒಂದು ಯೋಜನೆ ಪ್ರಕಟಿಸಿತು. ನಮ್ಮಲ್ಲೂ ಹಾಸಿಗೆ, ಒಲೆ, ಸಿಂಕು ಇರುವ ವ್ಯಾನುಗಳು ಬಾಡಿಗೆಗೆ ಸಿಗುತ್ತಿವೆ.

ಹೊಳೆನರಸೀಪುರದ ಕಡೆಯಿಂದ ಕಡಲ ಸೀಮೆಗೆ ಇಳಿಯುವ ಹಳೆಯ ದಾರಿಗಳಲ್ಲೊಂದು ಅರಕಲಗೂಡು, ಶನಿವಾರಸಂತೆ, ವಣಗೂರು ದಾಟಿ ಬಿಸಿಲೆ ಘಟ್ಟದಲ್ಲಿ ಇಳಿದು ಕುಲ್ಕುಂದದ ಮೂಲಕ ಸುಬ್ರಹ್ಮಣ್ಯ ಸೇರುತ್ತದೆ. ನೂರು ಕಿಲೋಮೀಟರಿಗೂ ಮೇಲೆ. ಹೊರೆ ಹೊತ್ತ ಎತ್ತಿನ ಗಾಡಿ ಗಂಟೆಗೆ ಮೂರು ಕಿಲೋಮೀಟರ್ ಹೋದರೆ ಹೆಚ್ಚು, ದಿನಕ್ಕೆ ಇಪ್ಪತ್ತು, ಇಪ್ಪತ್ತೈದು. ಅಂದರೆ ಐದಾರು ರಾತ್ರಿ ದಾರಿಯಲ್ಲೇ ಕಳೆಯಬೇಕು. ಬಿದಿರಿನ ಕಮಾನು ಕಟ್ಟಿ ಚಾಪೆ ಹೊದಿಸಿದ ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿದರೆ ಅದೇ ಮನೆ. ಹೆಂಗಸರು, ಮಕ್ಕಳು ಒಳಗೆ, ಗಂಡಸರು ಗಾಡಿಯ ಕೆಳಗೆ. ರಾಗಿಹಿಟ್ಟು, ಹುರಿಹಿಟ್ಟು, ಅವಲಕ್ಕಿ, ಎತ್ತಿಗೆ ಹುರುಳಿ, ಅಚ್ಚಿಗೆ ಹಾಕಲು ಗೊಟ್ಟದಲ್ಲಿ ಕೀಲೆಣ್ಣೆ, ಅಡಿಯಲ್ಲಿ ತೂಗುಹಾಕಿದ ಕಂದೀಲು. ನಮ್ಮ ತಾತನ ಮಾತಿನಲ್ಲಿ ಊರುಗಳಿಗಿಂತ ಈ ಸಾಮಾನುಗಳೇ ಹೆಚ್ಚಾಗಿ ಬರುತ್ತಿದ್ದವು. ಘಟ್ಟದ ಕಾಡನ್ನು ಆತ ಒಂದೇ ಮಾತಲ್ಲಿ ಮುಗಿಸುತ್ತಿದ್ದ: "ಕತ್ಲೆ ಕಣಪ್ಪ."

ಈ ಪ್ರಯಾಣ ಹೊರಡುತ್ತಿದ್ದದ್ದು ಮಾರ್ಗಶಿರದಲ್ಲಿ. ಸುಬ್ರಹ್ಮಣ್ಯದ ಚಂಪಾಷಷ್ಠಿಯ ತೇರು ಬರುವುದು ಆಗಲೇ. ದೈವಭಕ್ತಿಯ ಜೊತೆಗೆ ಈ ಕಾಲಕ್ಕೆ ಬೇರೊಂದು ಲೆಕ್ಕವೂ ಸೇರಿಕೊಂಡಿತ್ತು. ಮಳೆ ನಿಂತು ಘಟ್ಟದ ಹಳ್ಳಗಳು ದಾಟುವಂತಾಗಿರುತ್ತವೆ, ಜಿಗಣೆ ಕಡಿಮೆಯಾಗಿರುತ್ತದೆ, ದಾರಿಯುದ್ದಕ್ಕೂ ಹುಲ್ಲು ಇನ್ನೂ ಒಣಗಿರುವುದಿಲ್ಲ. ಕೆಳಗೆ ತುಳುನಾಡಿನಲ್ಲಿ ಏಣೇಲು ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಉಳುವ ಹೊತ್ತು, ಎತ್ತು ಬೇಕು. ಅತಿಮಳೆಯ ಆ ನೆಲದ ಹುಲ್ಲಿನಲ್ಲಿ ಕಸುವು ಕಡಿಮೆ, ದನಗಳೂ ಗಿಡ್ಡ. ಗಟ್ಟಿ ಎತ್ತುಗಳು ಬೇಕಾದರೆ ಘಟ್ಟದ ಮೇಲಿನಿಂದಲೇ ಬರಬೇಕಾಗಿತ್ತು. ಹಾಗಾಗಿ ತೇರಿನ ಜೊತೆಗೆ ದನದ ಜಾತ್ರೆಯೂ ಬೆಳೆಯಿತು. ಕುಲ್ಕುಂದದ ಬಯಲು ಅದಕ್ಕೆ ಹೆಸರಾಗಿತ್ತು. ಅಷ್ಟು ದೂರ ಇಳಿಯಲಾಗದವರಿಗೆ ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿ ದಂಡೆಯ ರಾಮನಾಥಪುರದಲ್ಲಿ ಸುಬ್ರಹ್ಮಣ್ಯನ ತೇರೂ ಜಾತ್ರೆಯೂ ಇದ್ದವು. ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿದವರಿಗೆ ಚೋಮನ ಜೋಡಿ ಎತ್ತು ನೆನಪಿರಬಹುದು. ಅವು ಕಾಡಿನಲ್ಲಿ ಸಿಕ್ಕವು. ದನಗಳ ಹಿಂಡು ವರ್ಷವರ್ಷವೂ ಹಾದುಹೋಗುವ ಕಾಡಿನಲ್ಲಿ ಎತ್ತು ಸಿಗುವುದು ಕಾದಂಬರಿಕಾರನ ಅನುಕೂಲಕ್ಕೆ ಹುಟ್ಟಿದ ಪವಾಡವೇನಲ್ಲ ಎಂದು ನನಗನ್ನಿಸುತ್ತದೆ.

ಆದರೆ ಗಾಡಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಾಡಿಯನ್ನಷ್ಟೇ ನೋಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದು ನಿಲ್ಲುತ್ತಿದ್ದ ಜಾಗ. ಊರಾಚೆಯ ತೋಪು, ದನ ನೀರು ಕುಡಿಯುವ ಗೋಕಟ್ಟೆ, ಗೋಮಾಳ, ಬೇಸಿಗೆಯ ಅರವಟ್ಟಿಗೆ, ತಲೆಹೊರೆ ಇಳಿಸಲು ನೆಟ್ಟ ಕಲ್ಲು. ಇವುಗಳಲ್ಲಿ ರಾತ್ರಿ ತಂಗಲು ಯಾರಿಗೂ ಬಾಡಿಗೆ ಕೊಡಬೇಕಿರಲಿಲ್ಲ. ಛತ್ರದ ಕತೆ ಬೇರೆ. ಛತ್ರದ ಜಗುಲಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಳಗೆ ಊಟಕ್ಕೆ ಕೂರುವವರು ಯಾರು, ಬಾವಿಗೆ ಹಗ್ಗ ಬಿಡುವವರು ಯಾರು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಒಳಗೆ ಸೇರಿಸದವರಿಗೆ ಗಾಡಿಯ ಕೆಳಗಿನ ಮೂರು ಕಲ್ಲಿನ ಒಲೆಯೇ ಛತ್ರ. ಬಯಲಡುಗೆಯ ಸೊಗಸನ್ನು ಹೊಗಳುವಾಗ, ಬೇರೆ ಗತಿಯಿಲ್ಲದೆ ಬಯಲಲ್ಲಿ ಬೇಯಿಸಿಕೊಂಡವರೂ ಅದೇ ತೋಪಿನಲ್ಲಿದ್ದರು ಎಂಬುದನ್ನು ಬಿಟ್ಟುಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಇನ್ನು ಕೆಲವರಿಗೆ ದಾರಿಯೇ ಊರು. ಲಂಬಾಣಿಗರ ತಾಂಡಾಗಳು ಸಾವಿರಾರು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಮೇಲಕ್ಕೂ ಒಳನಾಡಿನ ಧಾನ್ಯವನ್ನು ಬೇರೆ ಸೀಮೆಗಳಿಗೂ ಸಾಗಿಸುತ್ತಿದ್ದವು. 1791–92 ಮತ್ತು 1799ರ ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಸೈನ್ಯಗಳ ಹೊಟ್ಟೆ ತುಂಬಿಸಿದ್ದರಲ್ಲಿ ಇವರ ಪಾಲು ದೊಡ್ಡದು. ಮೈಸೂರು ಬ್ರಿಟಿಷರ ಹಿಡಿತಕ್ಕೆ ಬಂದೊಡನೆ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಕರಾವಳಿ ಸುತ್ತಿ, ದಿನದಿನದ ಪಯಣವನ್ನೂ ಕಂಡ ಬೆಳೆ, ದನ, ಜನರನ್ನೂ ಬರೆದಿಟ್ಟ. 1807ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅವನ ಡೇರೆ ಸರ್ಕಾರದ ಕೆಲಸ ಎನಿಸಿಕೊಂಡಿತು. ಮುಂದೆ ಅಮಲ್ದಾರರೂ ಕಮಿಷನರೂ ಹಾಕುತ್ತಿದ್ದ ಡೇರೆಗೆ 'ಮೊಕ್ಕಾಂ', 'ಕ್ಯಾಂಪು' ಎಂಬ ಗೌರವದ ಹೆಸರು. ಅಲೆದಾಡುವ ಬಡವರ ಡೇರೆಗೆ ಮಾತ್ರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು. ಒಂದೆಡೆ ನೆಲೆ ನಿಲ್ಲದಿರುವುದೇ ಸಂಶಯಕ್ಕೆ ಕಾರಣವಾಯಿತು. ಲಂಬಾಣಿಗರ ಗುಂಪುಗಳೂ ಆ ಪಟ್ಟಿಗೆ ಸೇರಿದವು. ರಸ್ತೆ, ರೈಲು ಬಂದು ಹೇರೆತ್ತಿನ ವ್ಯಾಪಾರ ಮುರಿದು, ಅವರ ಹೊಟ್ಟೆಪಾಡು ಕೆಟ್ಟಿದ್ದೂ ಅದೇ ಕಾಲದಲ್ಲಿ. ಕಾಯ್ದೆ ರದ್ದಾದದ್ದು 1952ರಲ್ಲಿ. ಹೆಸರಿಗಂಟಿದ ಕಳಂಕ ಅಷ್ಟು ಬೇಗ ಹೋಗಲಿಲ್ಲ.

ದನಗಳಿಗೂ ಬಿಡಾರವಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು 'ಅಮೃತ ಮಹಲ್' ಎಂದು ಕರೆದ. ಅದರ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಕಾವಲುಗಳನ್ನು ಬೇರೆಬೇರೆ ಇಟ್ಟು, ಹಿಂಡುಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಹಾಸನ ಜಿಲ್ಲೆಯ ಕಾವಲುಗಳಲ್ಲಿ ಎಷ್ಟೋ ಈಗ ಹೊಲ, ತೋಟ, ನಿವೇಶನ. ಆ ನೆಲದಲ್ಲಿ ಭೂಮಿಯಿಲ್ಲದವರಿಗೂ ಒಂದಿಷ್ಟು ಸಿಕ್ಕಿದೆ, ಹಾಗಾಗಿ ಕಾವಲು ಹೋಯಿತೆಂದು ಸುಮ್ಮನೆ ಹಲುಬಲಾರೆ. ಗೋಮಾಳ ನುಂಗಿದ ಬಲಾಢ್ಯರ ವಿಷಯ ಮಾತ್ರ ಬೇರೆ.

1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ತೆರೆಯಿತು. ಐದು ರಾತ್ರಿಯ ದಾರಿ ಒಂದು ಹಗಲಿಗೆ ಇಳಿಯಿತು. ಟಿಲ್ಲರು, ಟ್ರ್ಯಾಕ್ಟರು ಬಂದು ಕರಾವಳಿಯ ಗದ್ದೆಗಳಿಗೆ ಘಟ್ಟದ ಎತ್ತು ಬೇಡವಾಯಿತು. ಗದ್ದೆಗಳೇ ಅಡಿಕೆ ತೋಟವಾದವು. ಕುಲ್ಕುಂದದ ಜಾತ್ರೆ ಬಡವಾಯಿತು.

ಹೋದ ಮಾರ್ಗಶಿರದಲ್ಲಿ ನಾವು ನಾಲ್ವರು ಬಾಡಿಗೆ ವ್ಯಾನಿನಲ್ಲಿ ಅದೇ ದಾರಿ ಹಿಡಿದೆವು. ಬಿಸಿಲೆಗೆ ಮುಂಚೆ ಮಂಕನಹಳ್ಳಿಯ ಹತ್ತಿರ ಒಂದು ದಿಣ್ಣೆಯಿದೆ. ಅಲ್ಲಿ ಬಿದ್ದ ಮಳೆ ಒಂದು ಬದಿಗೆ ಹರಿದರೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಹರಿದರೆ ಕುಮಾರಧಾರೆಯಾಗಿ ಅರಬ್ಬಿ ಸಮುದ್ರ. ಅಲ್ಲಿಂದ ಮುಂದೆ ಕಾಯ್ದಿಟ್ಟ ಅರಣ್ಯ, ಪಕ್ಕದಲ್ಲೇ ಪುಷ್ಪಗಿರಿ ಅಭಯಾರಣ್ಯ. ಕಾಡಿನಲ್ಲಿ ರಾತ್ರಿ ತಂಗುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಆನೆಗಳಿಗೆ ಉಳಿದಿರುವ ಜಾಗ ನೋಡಿದರೆ ಈ ನಿಯಮ ಸರಿಯೇ. ನನ್ನ ತಕರಾರಿರುವುದು ಕಾಡಿಗಿಂತ ಮೊದಲಿನ ಎಂಬತ್ತು ಕಿಲೋಮೀಟರಿನ ಬಗ್ಗೆ. ಬೆಳಗಿನಿಂದ ಅಲ್ಲಿ ಎಡಬಲ ನೋಡುತ್ತಲೇ ಬಂದಿದ್ದೆವು. ತೋಪುಗಳಿದ್ದ ಕಡೆ ಸಮುದಾಯ ಭವನ, ಗೋಕಟ್ಟೆಗಳ ಸುತ್ತ ಮುಳ್ಳುತಂತಿ, ಅದರಾಚೆ ಶುಂಠಿ ಹೊಲ. ಹಾಸಿಗೆ, ಒಲೆ, ನೀರು ಎಲ್ಲವೂ ನಮ್ಮ ಗಾಡಿಯಲ್ಲೇ ಇತ್ತು. ಕೊನೆಗೆ ಘಟ್ಟದ ಅಂಚಿನ ಒಂದು ಹೋಂಸ್ಟೇ ಅಂಗಳದಲ್ಲಿ ರಾತ್ರಿ ನಿಲ್ಲಿಸಲು ಕೊಟ್ಟ ಹಣ ಒಂದು ಕೋಣೆಯ ಬಾಡಿಗೆಯಷ್ಟೇ ಆಯಿತು.