ಘಟ್ಟದ ಬುಡದಲ್ಲಿ ಎಚ್‌.ಆರ್‌. ಪಾಠ

ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ ಕಡೆಯ ಮಕ್ಕಳು ಡಿಗ್ರಿಗೆಂದು ಉಜಿರೆಗೆ ಹೋದರೆ, ಬಿ.ಕಾಂ. ಆಗಲಿ ಬಿ.ಬಿ.ಎ. ಆಗಲಿ, ಮಾನವ ಸಂಪನ್ಮೂಲ (ಎಚ್‌.ಆರ್‌.) ನಿರ್ವಹಣೆಯ ಪತ್ರಿಕೆ ಎಲ್ಲೋ ಒಂದು ಕಡೆ ಎದುರಾಗುತ್ತದೆ. ನೇಮಕಾತಿ, ತರಬೇತಿ, ಕೆಲಸದ ಮೌಲ್ಯಮಾಪನ, ಸಂಬಳ, ಕೈಗಾರಿಕಾ ಬಾಂಧವ್ಯ ಎಂಬ ಅಧ್ಯಾಯಗಳ ಸಾಲು ದೇಶದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಆದರೆ ಆ ಅಧ್ಯಾಯಗಳ ವಿಷಯವೆಲ್ಲ ಪುಸ್ತಕಕ್ಕೆ ಬರುವ ಮೊದಲೇ ಚಾರ್ಮಾಡಿ ಘಾಟಿಯ ಮೇಲೂ ಕೆಳಗೂ ನಡೆದುಹೋಗಿದೆ.

ಮೂಡಿಗೆರೆ ಸೀಮೆಯ ಕಾಫಿ ತೋಟಗಳಿಗೆ ಕರಾವಳಿಯ ಜನ ದುಡಿಯಲು ಘಟ್ಟ ಹತ್ತುತ್ತಿದ್ದ ಕಾಲದಲ್ಲಿ ನೇಮಕಾತಿ ಮೇಸ್ತ್ರಿಯ ಕೈಯಲ್ಲಿತ್ತು. ತೋಟದ ಧಣಿಯಿಂದ ಮುಂಗಡ ತಂದು ಊರಲ್ಲಿ ಹಂಚುವವನು ಅವನು; ಆಳುಗಳ ಗುಂಪು ಕಟ್ಟಿ ಕರೆದೊಯ್ಯುವವನು, ಹಾಜರಿ ನೋಡುವವನು, ಗದರಿಸುವವನೂ ಅವನೇ. ಮುಂಗಡ ಪಡೆದವರು ಕೆಲಸ ಬಿಟ್ಟು ಹೋದರೆ ಜೈಲಿಗೆ ಕಳಿಸಲು 1859ರ ಕಾಯಿದೆ ದಾರಿ ಮಾಡಿತ್ತು. ಅದು ರದ್ದಾದದ್ದು 1920ರ ದಶಕದಲ್ಲಿ. ಬೊಂಬಾಯಿಯ ಗಿರಣಿಗಳಲ್ಲೂ ಇಂಥ ಮಧ್ಯವರ್ತಿಗಳದ್ದೇ ಕಾರುಬಾರು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ, ಕಾರ್ಮಿಕರ ಕುರಿತ ವಿಟ್ಲಿ ಆಯೋಗ, ಆಳುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಅವರ ಕೈಯಿಂದ ತೆಗೆದು ಕಾರ್ಮಿಕ ಅಧಿಕಾರಿಗೆ ಒಪ್ಪಿಸಿ ಎಂದಿತು. ಇಂದಿನ ಎಚ್‌.ಆರ್‌. ಹುದ್ದೆಯ ಬೇರು ಇರುವುದು ಇಲ್ಲಿ.

ಆ ಕೆಲಸಕ್ಕೆ ಓದಿದವರು ಬೇಕಲ್ಲ? 1936ರಲ್ಲಿ ಬೊಂಬಾಯಿಯಲ್ಲಿ ತೆರೆದ ಸಮಾಜಕಾರ್ಯ ಶಾಲೆ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. 1948ರ ಕಾರ್ಖಾನೆ ಕಾಯಿದೆ, 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. ಮರುವರ್ಷ ಜಮ್ಶೆಡ್‌ಪುರದಲ್ಲಿ ಕಾರ್ಮಿಕ ಬಾಂಧವ್ಯ ಕಲಿಸುವ ಎಕ್ಸ್‌ಎಲ್‌ಆರ್‌ಐ ಸಂಸ್ಥೆ ಆರಂಭವಾಯಿತು. ಬಾಸೆಲ್ ಮಿಶನ್ 1865ರಲ್ಲೇ ಹಂಚಿನ ಕಾರ್ಖಾನೆ ತೆರೆದಿದ್ದ ಮಂಗಳೂರಿಗೆ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕೊಣಾಜೆ ಕೇಂದ್ರ 1980ರಲ್ಲಿ ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾದ ಮೇಲೆ ಈ ಓದು ಒಳನಾಡಿಗೂ ಹಬ್ಬಿತು. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ಎಂ.ಎಸ್‌.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ) ತರಗತಿಗಳು ನಡೆಯುತ್ತಿವೆ. ಆಳುಗಳ ಆಡಳಿತ ಎಂಬುದು ನಮ್ಮಲ್ಲಿ ಲೆಕ್ಕಪತ್ರದ ಪಕ್ಕದಲ್ಲಿ ಹುಟ್ಟಿದ್ದಲ್ಲ. ಸಮಾಜಕಾರ್ಯದ ಮಡಿಲಲ್ಲಿ, ಕಾನೂನಿನ ಒತ್ತಾಯದಿಂದ ಹುಟ್ಟಿತು. ಇದನ್ನು ಮೊದಲ ತರಗತಿಯಲ್ಲೇ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಆಮೇಲೆ ಈ ಓದಿನ ಹೊಳೆ ಪಾತ್ರ ಬದಲಿಸಿತು. ಅಮೆರಿಕದಲ್ಲಿ 1924ರಿಂದ 1932ರವರೆಗೆ ಕಾರ್ಮಿಕರ ಮೇಲೆ ನಡೆದ ಹಾಥಾರ್ನ್ ಪ್ರಯೋಗಗಳು, ನಿರ್ವಹಣೆಯ ಕುರಿತ ಪೀಟರ್ ಡ್ರಕರ್ ಅವರ 1954ರ ಪುಸ್ತಕ, 1984ರಲ್ಲಿ ಹಾರ್ವರ್ಡ್ ಮತ್ತು ಮಿಶಿಗನ್ ತಜ್ಞರು ಮಂಡಿಸಿದ ಮಾದರಿಗಳು ಪಠ್ಯದ ಆಧಾರವಾದವು. ನಮ್ಮಲ್ಲಿ 1970ರ ದಶಕದ ನಡುವಿನಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗಾಗಿ ರೂಪಿಸಿದ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ಹೊಸ ಹಾದಿ ತೆರೆಯಿತು. ಶಿಸ್ತು ಕ್ರಮ, ರಜೆ, ಸಂಬಳದ ಬಟವಾಡೆಯಲ್ಲೇ ಮುಗಿಯುತ್ತಿದ್ದ ವಿಭಾಗ ನೌಕರನ ಬೆಳವಣಿಗೆಯನ್ನೂ ಹೊಣೆಯಾಗಿ ಹೊತ್ತುಕೊಂಡದ್ದು ಸಣ್ಣ ಸಾಧನೆಯಲ್ಲ. 1991ರ ಬಳಿಕ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಬೆಳೆದಂತೆ ವಿಷಯ ವಾಣಿಜ್ಯ ಮತ್ತು ಎಂ.ಬಿ.ಎ. ವಿಭಾಗಗಳಲ್ಲಿ ನೆಲೆ ನಿಂತಿತು. ಉದಾಹರಣೆಗಳೆಲ್ಲ ಕಂಪನಿಯ ಕಚೇರಿಯವೇ ಆದವು.

ನನಗೆ ಕೊರಗು ಇರುವುದು ಇಲ್ಲಿ. ಬೆಳ್ತಂಗಡಿ, ಬಂಟ್ವಾಳದ ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲೇಜು ಫೀಸು ಬಂದದ್ದು ಅಮ್ಮ ಕಟ್ಟಿದ ಬೀಡಿಯಿಂದ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಮನೆಗೆಲಸದ ನಡುವೆ ಕಟ್ಟಿ, ಮತ್ತೆ ಬ್ರಾಂಚಿಗೆ ಒಪ್ಪಿಸಬೇಕು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಕಟ್ಟು ಸರಿಯಿಲ್ಲವೆಂದು ತೆಗೆದಿಟ್ಟದ್ದಕ್ಕೆ ದುಡ್ಡಿಲ್ಲ. ಎಲೆ ಸಾಲದೆ ಬಂದರೆ ಕೈಯಿಂದ ಹಾಕಬೇಕು. ತುಂಡು ಕೂಲಿ, ಗುಣಮಟ್ಟದ ತಪಾಸಣೆ, ಭವಿಷ್ಯನಿಧಿ, ಗುತ್ತಿಗೆದಾರ, ಎಲ್ಲವೂ ಒಂದೇ ಜಗಲಿಯಲ್ಲಿದೆ. ಇಷ್ಟಾದರೂ ಆಕೆ ಯಾರ ನೌಕರಳು? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಗಳಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನದೇ ಪ್ರಸಿದ್ಧವಾಯಿತು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರ ಇದ್ದಾನೆಂದು ಮಾಲೀಕ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಇಂದು ಆ್ಯಪ್ ನೋಡಿಕೊಂಡು ಊಟ ತಲುಪಿಸುವ ಹುಡುಗ ಯಾರ ನೌಕರ ಎಂಬ ಚರ್ಚೆಯನ್ನು ತರಗತಿಯಲ್ಲಿ ಕೇಳುತ್ತೇವೆ. ಅದರ ಹಳೆಯ ರೂಪ ನಮ್ಮ ಮಂಗಳೂರಿನ ಹೆಸರಲ್ಲೇ ಕಾನೂನು ಪುಸ್ತಕದಲ್ಲಿದೆ, ವಿದ್ಯಾರ್ಥಿಗೆ ಅದರ ಸುದ್ದಿಯೇ ಇರುವುದಿಲ್ಲ.

ತರಬೇತಿಯ ಅಧ್ಯಾಯಕ್ಕೂ ದೂರ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಮುಂದೆ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳು ತೆರೆದವು.

ಕಾನೂನಿನ ಪಾಠವಂತೂ ಈಗ ಬದಲಾಗಿದೆ. 1948ರ ಕಾರ್ಖಾನೆ ಕಾಯಿದೆ, 1951ರ ತೋಟ ಕಾರ್ಮಿಕರ ಕಾಯಿದೆ, 1966ರ ಬೀಡಿ ಕಾಯಿದೆ, ಈ ಮೂರೂ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿವೆ. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದಿದೆ. ಕಲ್ಯಾಣಾಧಿಕಾರಿಯ ನೇಮಕದ ಮಿತಿ 250 ಕಾರ್ಮಿಕರಿಗೆ ಇಳಿದಿದೆ. ಹಾಗಾಗಿ ಅಧ್ಯಾಪಕರು ನೋಟ್ಸನ್ನು ಹೇಗೂ ಹೊಸದಾಗಿ ಬರೆಯಲೇಬೇಕು. ಅದರ ಜೊತೆಗೇ ಪ್ರಾಜೆಕ್ಟ್ ವರದಿಗೆಂದು ಒಬ್ಬನನ್ನು ಬೆಂಗಳೂರಿನ ಕಂಪನಿಗೆ ಕಳಿಸುವಾಗ ಇನ್ನೊಬ್ಬಳನ್ನು ತನ್ನೂರಿನ ಬೀಡಿ ಬ್ರಾಂಚಿಗೆ, ಮತ್ತೊಬ್ಬನನ್ನು ಘಟ್ಟದ ಮೇಲಿನ ಬಣಕಲ್ ಕಡೆಯ ಕಾಫಿ ತೋಟದ ಲೈನ್ ಮನೆಗಳಿಗೆ ಕಳಿಸಲಿ.