ಭೀಮಾ ಬಯಲಿನಲ್ಲಿ ಹಠಾತ್ ಹೃದಯ ಸ್ತಂಭನ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಂದರ್ಭ

ಪರ್ವತ ವೈದ್ಯಕೀಯದ ಪಾಠಗಳು ಬಯಲುಸೀಮೆಗೆ ಎಷ್ಟು ಒದಗುತ್ತವೆ ಎಂಬುದು ಈ ಲೇಖನದ ಪ್ರಶ್ನೆ. ಕಲಬುರಗಿಗೆ ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿ.ಮೀ.; ಅಫಜಲಪುರದಿಂದ 60 ಕಿ.ಮೀ. ಆಸುಪಾಸು. ನಡುವೆ ಬೆಟ್ಟವಿಲ್ಲ. ಆದರೆ ಎದೆಬಡಿತ ನಿಂತವರಿಗೆ ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಆಗಲಿ ವಿದ್ಯುದಾಘಾತವಾಗಲಿ ಸಿಗದಿದ್ದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಈ ಲೆಕ್ಕಕ್ಕೆ ಡಾಂಬರು ರಸ್ತೆಯೂ ಒಂದೇ, ಹಿಮಾಲಯದ ಕಣಿವೆಯೂ ಒಂದೇ.

ವ್ಯತ್ಯಾಸವಿರುವುದು ಚಳಿಯಲ್ಲಿ. 1999ರಲ್ಲಿ ನಾರ್ವೆಯ ಹಿಮದ ತೊರೆಯಲ್ಲಿ ಸಿಲುಕಿದ ವೈದ್ಯೆ ಆನಾ ಬೋಗೆನ್‌ಹೋಮ್ ಅವರ ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು, ಆದರೂ ಅವರು ಬದುಕಿದರು. ತಣ್ಣಗಾದ ಮಿದುಳಿಗೆ ಆಮ್ಲಜನಕ ಕಡಿಮೆ ಸಾಕು. ಹೀಗಾಗಿಯೇ ದೇಹ 28 ಡಿಗ್ರಿಗಿಂತ ತಣ್ಣಗಿದ್ದು, ನಿರಂತರ ಸಿಪಿಆರ್ ಸಾಧ್ಯವೇ ಇಲ್ಲದಿದ್ದರೆ, ಐದು ನಿಮಿಷ ಒತ್ತಿ, ಐದು ನಿಮಿಷ ಮೀರದಂತೆ ಹೊತ್ತು ನಡೆಯಲು ಯುರೋಪಿನ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಭೀಮಾ ತೀರದಲ್ಲಿ ಆ ರಿಯಾಯಿತಿ ಇಲ್ಲ. ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ.

ಸರ್ಕಾರದ ಪ್ರಯತ್ನಗಳು ಸಣ್ಣವಲ್ಲ. 2008ರಿಂದ 108 ಆಂಬುಲೆನ್ಸ್ ಇದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂತು: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆಯೂ ತೆರೆಯಿತು. ಆದರೆ ಇವೆಲ್ಲ ನೆರವಾಗುವುದು ಉಸಿರಿರುವಾಗಲೇ ಆಸ್ಪತ್ರೆ ತಲುಪಿದ ಹೃದಯಾಘಾತದ ರೋಗಿಗೆ. ಹೃದಯ ಸ್ತಂಭನದ ಪ್ರಕರಣವೇ ಬೇರೆ. ಅದರ ಚಿಕಿತ್ಸೆ ಬಿದ್ದ ಜಾಗದಲ್ಲೇ ಆರಂಭವಾಗಬೇಕು.

ಬಿದ್ದ ಜಾಗ ಎಂಥದು? ಹೊಲವಾದರೆ ಎರೆಮಣ್ಣು; ಮಳೆ ಬಿದ್ದರೆ ಬಂಡಿದಾರಿಯಲ್ಲಿ ಆಂಬುಲೆನ್ಸ್ ಹೂತುಕೊಳ್ಳುತ್ತದೆ. ಮನೆಯಾದರೆ ಹೊರಸು. ನುಲಿ ಜಗ್ಗುವ ಹೊರಸಿನ ಮೇಲೆ ಎಷ್ಟು ಒತ್ತಿದರೂ ಬಲವೆಲ್ಲ ಹಗ್ಗಕ್ಕೇ ಹೋಗುತ್ತದೆ. ರೋಗಿಯನ್ನು ಗಟ್ಟಿ ನೆಲಕ್ಕಿಳಿಸಿ, ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು; ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಬಾಯಿಗೆ ನೀರು ಬಿಡುವುದು, ಉಳ್ಳಾಗಡ್ಡಿ ಮೂಸಿಸುವುದು, ಅಂಗಾಲು ತಿಕ್ಕುವುದು, ಕೊನೆಗೆ ಟಂಟಂಗೆ ಹಾಕಿಕೊಂಡು ಓಡುವುದು: ಇದರಲ್ಲೇ ಬೆಲೆಬಾಳುವ ಹೊತ್ತು ಸರಿದುಹೋಗುತ್ತದೆ. ಆಗಾಗ ಬರುವ ಏದುಸಿರನ್ನು ಕಂಡು ‘ಜೀವ ಅದ’ ಎಂದು ಕಾಯುವುದಂತೂ ಇನ್ನೂ ಅಪಾಯ, ಅದು ಉಸಿರಾಟವಲ್ಲ. (ಮೈಮೇಲೆ ನೀರು ಸುರಿಯುವುದನ್ನು ಪೂರ್ತಿ ಹಳಿಯಲಾಗದು, ನಾಡಿ, ಉಸಿರು ಎರಡೂ ಇರುವ ಬಿಸಿಲಾಘಾತಕ್ಕೆ ಅದೇ ಸರಿಯಾದ ಮೊದಲ ಚಿಕಿತ್ಸೆ.)

ಪರ್ವತ ವೈದ್ಯಕೀಯದಿಂದ ಇಲ್ಲಿಗೆ ತರಬಹುದಾದದ್ದು ತಂಡದ ಶಿಸ್ತು. ನೆರವು ತಡವಾಗಿಯೇ ಬರುತ್ತದೆಂದು ಮೊದಲೇ ಒಪ್ಪಿಕೊಂಡು ಜೊತೆಗಾರರನ್ನೇ ಅಲ್ಲಿ ತರಬೇತುಗೊಳಿಸುತ್ತಾರೆ. ಕಬ್ಬು ಕಡಿಯುವ ಗ್ಯಾಂಗು, ಬಸ್ ನಿರ್ವಾಹಕರು, ಗಾಣಗಾಪುರದ ಸಂಗಮದ ಅಂಗಡಿಯವರು, ಆಳಂದದ ದರ್ಗಾದ ಉರುಸಿನ ಸ್ವಯಂಸೇವಕರು ಇಲ್ಲಿನ ಜೊತೆಗಾರರು. ವಿದ್ಯುದಾಘಾತ ಕೊಡುವ ಎಇಡಿ ಯಂತ್ರವೂ ಆಸ್ಪತ್ರೆಯ ಒಳಗಿದ್ದರೆ ಸಾಲದು. ಜೇವರ್ಗಿ ಬಸ್ ನಿಲ್ದಾಣದಂಥ ಕಡೆ ಬೀಗವಿಲ್ಲದೆ ಇರಬೇಕು.

ಯಂತ್ರ ಇಡಲು ಯಾವ ಜಾಗಕ್ಕೆ ಮೊದಲ ಆದ್ಯತೆ ಎಂಬುದನ್ನು ಊಹೆಯಿಂದ ನಿರ್ಧರಿಸಲಾಗದು. ಹೃದಯ ಸ್ತಂಭನದ ಪ್ರಕರಣಗಳನ್ನು ಒಂದೇ ರೀತಿ ದಾಖಲಿಸಲೆಂದು 1991ರಲ್ಲಿ ಪ್ರಕಟವಾದ ಉಟ್‌ಸ್ಟೈನ್ ನಮೂನೆಯಲ್ಲಿ ಕೆಲವೇ ಕಲಂಗಳನ್ನು ಮೂರೂ ತಾಲ್ಲೂಕು ಆಸ್ಪತ್ರೆಗಳು ತುಂಬಿದರೆ ಸಾಕು: ಎಲ್ಲಿ ಬಿದ್ದರು, ಯಾರು ಕಂಡರು, ಯಾರಾದರೂ ಎದೆ ಒತ್ತಿದರೇ, ಮೊದಲ ವಿದ್ಯುದಾಘಾತ ಎಷ್ಟು ಹೊತ್ತಿಗೆ.