ಒರಟು ವೇಗಕ್ಕೆ ಎಷ್ಟು ಕಾಯಬೇಕು? ನಾಗಪುರದ ಉಮೇಶ್ ಯಾದವ್ ಆಯ್ಕೆಯ ಮರುಪರಿಶೀಲನೆ

ಮೈಕಟ್ಟು ಅಸಾಧಾರಣ, ತೋಳಿನಲ್ಲಿ ಕಸುವಿದೆ, ಆದರೆ ಆಟದ ಪಾಠ ಇನ್ನೂ ಆಗಿಲ್ಲ. ಇಂಥ ಹುಡುಗನನ್ನು ತಂಡಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಎಲ್ಲ ಆಟಗಳಲ್ಲೂ ಇದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಆಟಗಾರನ ವಿಷಯದಲ್ಲಿ ಈ ಚರ್ಚೆ ಪ್ರತಿವರ್ಷ ಏಳುತ್ತದೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ 2018ರಲ್ಲಿ ಬಫಲೊ ಬಿಲ್ಸ್ ತಂಡ ಏಳನೆಯ ಆಯ್ಕೆಯಾಗಿ ಪಡೆದ ಜೋಶ್ ಆ್ಯಲನ್ ತೋಳಿನ ಬಲಕ್ಕೆ ಹೆಸರಾಗಿದ್ದರು, ನಿಖರತೆಗಲ್ಲ. ಮೊದಲ ವರ್ಷ ಅವರು ಎಸೆದ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಶೇ. 52.8 ಮಾತ್ರ. ಮೂರನೆಯ ವರ್ಷ ಅದು ಶೇ. 69.2ಕ್ಕೆ ಏರಿತು. 2023ರಲ್ಲಿ ನಾಲ್ಕನೆಯ ಆಯ್ಕೆಯಾಗಿ ಇಂಡಿಯಾನಾಪೊಲಿಸ್ ಸೇರಿದ ಆ್ಯಂಥನಿ ರಿಚರ್ಡ್‌ಸನ್ ಕೂಡ ಅದೇ ಬಗೆಯ ಆಟಗಾರ, ಆದರೆ ಮರುವರ್ಷ ಅವರ ಲೆಕ್ಕ ಶೇ. 50ನ್ನೂ ದಾಟಲಿಲ್ಲ. ಒಂದೇ ಬಗೆಯ ಆಯ್ಕೆಗೆ ಎರಡು ಫಲಗಳು ಏಕೆ ಎಂದು ತಿಳಿಯಲು ಭಾರತದಲ್ಲಿ ನಾಗಪುರಕ್ಕಿಂತ ಒಳ್ಳೆಯ ನೆಲೆ ಇಲ್ಲ.

ಉಮೇಶ್ ಯಾದವ್ ಹುಟ್ಟಿದ್ದು 1987ರ ಅಕ್ಟೋಬರ್‌ನಲ್ಲಿ. ನಾಗಪುರದ ಹೊರವಲಯದ ಖಾಪರಖೇಡಾ ಬಳಿಯ ವಲನಿಯಲ್ಲಿ ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಪೊಲೀಸ್ ಕೆಲಸಕ್ಕೂ ಸೇನೆಗೂ ಪ್ರಯತ್ನಿಸಿ ಕೈಗೂಡದ ಹುಡುಗ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡಿದ್ದರು. ಲೆದರ್ ಚೆಂಡು ಕೈಗೆ ಬಂದದ್ದು ಇಪ್ಪತ್ತರ ಆಸುಪಾಸಿನಲ್ಲಿ. 2008ರ ನವೆಂಬರ್‌ನಲ್ಲಿ ಅವರು ವಿದರ್ಭಕ್ಕಾಗಿ ಮಧ್ಯಪ್ರದೇಶದ ವಿರುದ್ಧ ರಣಜಿ ಪಂದ್ಯಕ್ಕೆ ಇಳಿದರು. ನಾಯಕ ಪ್ರೀತಮ್ ಗಂಧೆ ಈ ಹುಡುಗನ ಬೆನ್ನಿಗೆ ನಿಂತಿದ್ದರು. ಆ ಋತುವಿನ ನಾಲ್ಕು ಪಂದ್ಯಗಳಲ್ಲಿ 20 ವಿಕೆಟ್ ಬಂದವು.

ಈ ತಡವಾದ ಆರಂಭ ಬೌಲರನ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಮ್ಮ ಕ್ರಿಕೆಟ್ ಬರಹ ಸಾಕಷ್ಟು ಗಮನಿಸಿಲ್ಲ. ಟೆನಿಸ್ ಚೆಂಡು 60 ಗ್ರಾಂ ಕೂಡ ತೂಗದು. ಲೆದರ್ ಚೆಂಡು 156ರಿಂದ 163 ಗ್ರಾಂ. ಟೆನಿಸ್ ಚೆಂಡಿಗೆ ಸೀಮ್ ಇಲ್ಲ, ಆದ್ದರಿಂದ ಮಣಿಕಟ್ಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಬೌಲರ್ ಕಲಿಯುವುದು ತೋಳನ್ನು ಬಿರುಸಾಗಿ ಬೀಸುವುದನ್ನು, ಚೆಂಡನ್ನು ಬ್ಯಾಟ್ಸ್‌ಮನ್ ಕಾಲಬುಡಕ್ಕೆ ಹಾಕುವುದನ್ನು. ಲೆದರ್ ಚೆಂಡಿನಲ್ಲಿ ತೋರುಬೆರಳು, ನಡುಬೆರಳು ಸೀಮ್‌ನ ಎರಡು ಬದಿಗೆ ಕೂರಬೇಕು, ಮಣಿಕಟ್ಟು ಅದರ ಹಿಂದೆ ನೆಟ್ಟಗೆ ನಿಲ್ಲಬೇಕು, ಬಿಡುವಾಗ ಸೀಮ್ ವಾಲಬಾರದು. ಶಾಲಾ ತಂಡದ ಹುಡುಗ ಹನ್ನೆರಡನೆಯ ವಯಸ್ಸಿಗೆ ಕಲಿಯುವ ಈ ಪಾಠವನ್ನು ಉಮೇಶ್ ರಣಜಿ ಪಂದ್ಯಗಳ ನಡುವೆ ಕಲಿಯಬೇಕಾಯಿತು. ಒಂದು ಓವರ್‌ನಲ್ಲಿ ಆಡಲಾಗದ ಎರಡು ಎಸೆತ, ಬೌಂಡರಿಗೆ ಕರೆಯುವ ಎರಡು ಎಸೆತ ಎಂದು ಅವರ ಮೇಲೆ ಬಹುಕಾಲ ಉಳಿದ ದೂರಿನ ಮೂಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ವಿದರ್ಭ ಆಗ ರಣಜಿಯ ಕೆಳಹಂತವಾದ ಪ್ಲೇಟ್ ವಿಭಾಗದಲ್ಲಿದ್ದ ತಂಡ. ಅಲ್ಲಿಂದ ಒಬ್ಬರೂ ಅದುವರೆಗೆ ಭಾರತಕ್ಕಾಗಿ ಟೆಸ್ಟ್ ಆಡಿರಲಿಲ್ಲ. ಅಂಥ ತಂಡಕ್ಕೆ ಒಬ್ಬ ಒರಟು ವೇಗಿ ದುಬಾರಿಯಾದರೂ ನಷ್ಟ ದೊಡ್ಡದಲ್ಲ. ಹುಡುಗನಿಗೆ ಇದರಿಂದ ಸಿಕ್ಕಿದ್ದು ಯಾರ ಕಣ್ಣಿಗೂ ಬೀಳದೆ ತಪ್ಪು ಮಾಡುವ ಅವಕಾಶ.

ಕರ್ನಾಟಕದ ಅಭಿಮನ್ಯು ಮಿಥುನ್ ಅವರನ್ನು ಪಕ್ಕದಲ್ಲಿಟ್ಟು ನೋಡಬೇಕು. ಹದಿನೇಳರವರೆಗೆ ಅವರು ಡಿಸ್ಕಸ್ ಎಸೆತಗಾರ; ಲೆದರ್ ಚೆಂಡು ಹಿಡಿದದ್ದು ಆಮೇಲೆ. 2009ರ ನವೆಂಬರ್‌ನಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಹಿತ 11 ವಿಕೆಟ್, ಆ ಋತುವಿನಲ್ಲಿ 47. ಮರುವರ್ಷ ಫೆಬ್ರುವರಿ ಮುಗಿಯುವ ಮುನ್ನ ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕದ ಎದುರು ಏಕದಿನ ಪಂದ್ಯ, ಜುಲೈನಲ್ಲಿ ಗಾಲ್‌ನಲ್ಲಿ ಟೆಸ್ಟ್. ಅಲ್ಲಿ ನಾಲ್ಕು ವಿಕೆಟ್ ಪಡೆದರು. ಮುಂದಿನ ಟೆಸ್ಟ್ ಕೊಲಂಬೊದ ಎಸ್‌ಎಸ್‌ಸಿ ಮೈದಾನದಲ್ಲಿ. ಶ್ರೀಲಂಕಾ ನಾಲ್ಕು ವಿಕೆಟ್‌ಗೆ 642, ಭಾರತ 707. ಸೀಮ್ ಹಿಡಿಯುವುದನ್ನು ಕೆಲವೇ ವರ್ಷಗಳ ಹಿಂದೆ ಕಲಿತವನನ್ನು ಅಂಥ ಪಿಚ್‌ನಲ್ಲಿ ಪರೀಕ್ಷಿಸಿ ಯಾರು ಯಾವ ತೀರ್ಮಾನಕ್ಕೆ ಬರಬಲ್ಲರು? ಒಟ್ಟು ನಾಲ್ಕು ಟೆಸ್ಟ್, 9 ವಿಕೆಟ್‌ಗಳಿಗೆ ಅವರ ಟೆಸ್ಟ್ ಬದುಕು ಮುಗಿಯಿತು. ಆದರೆ ಕರ್ನಾಟಕಕ್ಕಾಗಿ 2021ರಲ್ಲಿ ನಿವೃತ್ತರಾಗುವವರೆಗೂ ದುಡಿದು, ಪ್ರಥಮ ದರ್ಜೆಯಲ್ಲಿ 300ಕ್ಕೂ ಹೆಚ್ಚು ವಿಕೆಟ್ ಪಡೆದರು. ಪ್ರತಿಭೆ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉಮೇಶ್ ಹಾದಿ ನಿಧಾನದ್ದು. ರಣಜಿಯಿಂದ ಏಕದಿನಕ್ಕೆ ಒಂದೂವರೆ ವರ್ಷ, ಟೆಸ್ಟ್‌ಗೆ ಮೂರು ವರ್ಷ. 2010-11ರ ದಕ್ಷಿಣ ಆಫ್ರಿಕ ಪ್ರವಾಸದ ಟೆಸ್ಟ್ ತಂಡದಲ್ಲಿದ್ದೂ ಅವರು ಆಡಲಿಲ್ಲ. ಅದೇ ಸರಣಿಯ ಸೆಂಚುರಿಯನ್ ಟೆಸ್ಟ್‌ಗೆ ಇಳಿಸಿದ ಹತ್ತೊಂಬತ್ತರ ಜಯದೇವ್ ಉನದ್ಕಟ್ ಮುಂದಿನ ಟೆಸ್ಟ್‌ಗಾಗಿ 2022ರವರೆಗೆ ಕಾಯಬೇಕಾಯಿತು. 2011ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಉಮೇಶ್ ಟೆಸ್ಟ್ ಕ್ಯಾಪ್ ಧರಿಸಿದರು. ಕೋಲ್ಕತ್ತದ ಮುಂದಿನ ಟೆಸ್ಟ್‌ನಲ್ಲಿ ಏಳು ವಿಕೆಟ್.

ವಾದದ ಎದುರು ಬದಿಯೂ ಬಲವಾಗಿದೆ. ಕಚ್ಚಾ ಆಟಗಾರನಿಗೆ ಕೊಟ್ಟ ಜಾಗ ಪಳಗಿದವನೊಬ್ಬನಿಂದ ತೆಗೆದದ್ದು. ದಾವಣಗೆರೆಯ ವಿನಯ್ ಕುಮಾರ್ ರಣಜಿಯಲ್ಲಿ ವರ್ಷಗಟ್ಟಲೆ ಲೈನ್, ಲೆಂತ್ ತಪ್ಪದೆ ವಿಕೆಟ್ ಕಿತ್ತವರು, ಮುಂದೆ ಕರ್ನಾಟಕಕ್ಕೆ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಅವರಿಗೆ ಸಿಕ್ಕಿದ್ದು ಒಂದೇ ಟೆಸ್ಟ್, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಈ ಚರ್ಚೆಗೆ ಇದಕ್ಕಿಂತ ನೇರವಾದ ಪುರಾವೆ ಇಲ್ಲ, ಏಕೆಂದರೆ ಅದೇ ಇನಿಂಗ್ಸ್‌ನಲ್ಲಿ ಉಮೇಶ್ ಕೂಡ ಬೌಲ್ ಮಾಡಿದರು. ಡೇವಿಡ್ ವಾರ್ನರ್ ಮತ್ತು ಎಡ್ ಕೋವನ್ ಮೊದಲ ವಿಕೆಟ್‌ಗೆ 214 ರನ್ ಸೇರಿಸಿದ್ದರು. ಕೋವನ್ ಅವರನ್ನು ಬೌಲ್ಡ್ ಮಾಡಿ ಜೊತೆಯಾಟ ಮುರಿದದ್ದು ಉಮೇಶ್. ಬಳಿಕ ರಿಕಿ ಪಾಂಟಿಂಗ್ ಅವರ ಸ್ಟಂಪ್‌ಗಳನ್ನೂ ಉರುಳಿಸಿದರು. ಅವರ ಲೆಕ್ಕ 93ಕ್ಕೆ 5, ವಿನಯ್ ಲೆಕ್ಕ 73ಕ್ಕೆ 1. ಉಮೇಶ್ ಓವರಿಗೆ ಐದಕ್ಕಿಂತ ಹೆಚ್ಚು ರನ್ ಬಿಟ್ಟುಕೊಟ್ಟಿದ್ದರು, ಭಾರತ ಇನಿಂಗ್ಸ್ ಅಂತರದಲ್ಲಿ ಸೋತಿತು. ಆದರೂ ಆ ಪಿಚ್ ಕೇಳುತ್ತಿದ್ದುದು ವೇಗವನ್ನು, ಅದು ಒಬ್ಬರಲ್ಲಿತ್ತು. ವಿನಯ್ ಅವರಿಗೆ ಒಂದೇ ಟೆಸ್ಟ್, ಅದೂ ಪರ್ತ್‌ನಲ್ಲಿ ಕೊಟ್ಟದ್ದು ನ್ಯಾಯವಲ್ಲ ಎಂದು ಕನ್ನಡಿಗನಾಗಿ ಅಲ್ಲ, ಓದುಗನಾಗಿಯೇ ಹೇಳುತ್ತೇನೆ.

ನಾಗಪುರದ ಕಥೆ ಒಂದೇ ದಿಕ್ಕಿನದಲ್ಲ. 2017-18ರ ರಣಜಿ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕಕ್ಕೆ ಗೆಲ್ಲಲು 198 ಬೇಕಿತ್ತು. ಕೊನೆಯ ದಿನ ಕೆಳಕ್ರಮಾಂಕದಲ್ಲಿ ವಿನಯ್, ಮಿಥುನ್, ಶ್ರೇಯಸ್ ಗೋಪಾಲ್ ಗುರಿಯ ಹತ್ತಿರ ಎಳೆದು ತಂದರು. ಐದು ರನ್‌ಗಳಿಂದ ವಿದರ್ಭ ಗೆದ್ದಿತು. ಉಮೇಶ್ ಆ ತಂಡದಲ್ಲಿದ್ದರು. ಆದರೆ ಎರಡನೆಯ ಇನಿಂಗ್ಸ್‌ನಲ್ಲಿ 68ಕ್ಕೆ 7 ವಿಕೆಟ್ ಪಡೆದವರು ರಜನೀಶ್ ಗುರ್ಬಾನಿ, ವೇಗಕ್ಕಿಂತ ಸ್ವಿಂಗ್ ನಂಬಿದ ಎಂಜಿನಿಯರಿಂಗ್ ಪದವೀಧರ. ಇಂದೋರ್‌ನ ಫೈನಲ್‌ನಲ್ಲಿ ಹ್ಯಾಟ್ರಿಕ್ ಪಡೆದವರೂ ಅವರೇ. ವಿದರ್ಭಕ್ಕೆ ಮೊದಲ ರಣಜಿ ಟ್ರೋಫಿ ತಂದದ್ದರಲ್ಲಿ ಆ ಪಳಗಿದ ಕೈಯ ಪಾಲು ದೊಡ್ಡದು. ಅಂದಮೇಲೆ ಒರಟು ವೇಗಕ್ಕೆ ಎಲ್ಲೆಲ್ಲೂ ಮೇಲುಗೈ ಎಂಬ ಅರ್ಥ ಉಮೇಶ್ ಯಶಸ್ಸಿಗಿಲ್ಲ.

ಉಮೇಶ್ ಒಟ್ಟು 57 ಟೆಸ್ಟ್ ಆಡಿ 170 ವಿಕೆಟ್ ಪಡೆದರು. 2018ರಲ್ಲಿ ಹೈದರಾಬಾದ್‌ನಲ್ಲಿ ಒಂದೇ ಟೆಸ್ಟ್‌ನಲ್ಲಿ ಹತ್ತು. 2023ರ ಮಾರ್ಚ್‌ನಲ್ಲಿ ಇಂದೋರ್‌ನಲ್ಲಿ ಸ್ವದೇಶದ ನೂರನೆಯ ಟೆಸ್ಟ್ ವಿಕೆಟ್ ದಕ್ಕಿತು. ಅಷ್ಟರಲ್ಲಿ ಅವರಿಗೆ ಮೂವತ್ತೈದು ತುಂಬಿತ್ತು. ಸ್ಪಿನ್ನರ್‌ಗಳಿಗಾಗಿ ಸಿದ್ಧವಾದ ನೆಲದಲ್ಲಿ ಒಬ್ಬ ವೇಗಿ ಇಷ್ಟು ದೂರ ಬಂದದ್ದು ಆಯ್ಕೆ ಸಭೆಯ ಒಂದು ಸಂಜೆಯ ಧೈರ್ಯದಿಂದಲ್ಲ, ಆಮೇಲಿನ ಮೂರು ವರ್ಷಗಳಿಂದ ಎಂಬುದು ಈ ಲೇಖನದ ವಾದ.

ಇದರಿಂದ ಆಯ್ಕೆಗಾರರ ಕಡತಕ್ಕೊಂದು ಕೆಲಸ ಹುಟ್ಟುತ್ತದೆ. ನಮ್ಮಲ್ಲಿ ಬೌಲರನ ವಯಸ್ಸು, ವೇಗ, ವಿಕೆಟ್ ದಾಖಲಾಗುತ್ತವೆ. ಅವನು ಲೆದರ್ ಚೆಂಡು ಹಿಡಿದು ಎಷ್ಟು ವರ್ಷವಾಯಿತು, ಅದರಲ್ಲಿ ಎಷ್ಟು ಓವರ್ ಎಸೆದಿದ್ದಾನೆ ಎಂಬ ಕಲಂ ಕೂಡ ಅಲ್ಲಿರಬೇಕು. 2010ರ ಜುಲೈನಲ್ಲಿ ಮಿಥುನ್ ಹೆಸರಿನ ಮುಂದೆ ಆ ಕಲಂ ಇದ್ದಿದ್ದರೆ, ಗಾಲ್ ವಿಮಾನ ಹತ್ತಿಸುವ ಮುನ್ನ ಅವರಿಗೆ ಇನ್ನೆರಡು ರಣಜಿ ಋತುಗಳು ಬೇಕು ಎಂದು ಯಾರಾದರೂ ಹೇಳುತ್ತಿದ್ದರು.